ಹಳೆಯ ಗಾಡಿಯ ಬೀಗವೂ ನಮ್ಮ ಅವಸರವೂ

ಬೆಳಗಿನ ಜಾವ ಎದ್ದು ಇಡ್ಲಿಯ ಹಬೆ ಏರಿಸುವವರಿಗೂ, ಎಂಟು ಗಂಟೆಯ ಲೋಕಲ್ಲಿನಲ್ಲಿ ಒಂಟಿಗಾಲಿನ ಮೇಲೆ ನಿಂತು ಕಚೇರಿ ಸೇರುವವರಿಗೂ ಮೋಟಾರುಗಾಡಿಯ ಬೀಗದ ಪುರಾಣವೇಕೆ ಎಂದು ನಮ್ಮ ವಾಚಕರು ಕೇಳಬಹುದು. ಕೇಳತಕ್ಕ ಮಾತೇ ಸರಿ. ನಮ್ಮ ವಾಚಕರಲ್ಲಿ ಮೋಟಾರು ಇಟ್ಟವರು ಕಡಿಮೆ. ಐವತ್ತು ವರ್ಷದ ಹಳೆಯ ಮೋಟಾರು ಇಟ್ಟವರು ಇನ್ನೂ ಕಡಿಮೆ. ಆದರೆ ಬೀಗವಿಲ್ಲದ ಮನುಷ್ಯನಿಲ್ಲ. ಊರಿನಿಂದ ತಂದ ಟ್ರಂಕಿಗೆ ಒಂದು ಬೀಗ, ನಾಲ್ವರು ಕೂಡಿ ಹಿಡಿದ ಖೋಲಿಗೆ ಒಂದು ಬೀಗ, ಕಂತಿನ ಮೇಲೆ ಕೊಂಡ ಸ್ಕೂಟರಿನ ಹ್ಯಾಂಡಲಿಗೆ ಒಂದು ಬೀಗ. ಇವುಗಳಲ್ಲಿ ಒಂದಾದರೂ ಒಂದು ದಿನ, ಅದೂ ತೀರ ಅವಸರದ ದಿನವೇ, ತಿರುಗದೆ ನಿಲ್ಲುತ್ತದೆ. ಆಗ ಏನು ಮಾಡಬಾರದೆಂಬುದನ್ನು ನಾವು ಸ್ವಂತ ಖರ್ಚಿನಿಂದ ಕಲಿತಿದ್ದೇವೆ.

ಅದಲ್ಲದೆ ಈ ಪ್ರಸಂಗದಲ್ಲಿ ನಮ್ಮಿಂದ ಒಬ್ಬ ಹುಡುಗನಿಗೆ ಅನ್ಯಾಯವಾಯಿತು. ಹತ್ತು ಜನರೆದುರು ಆಡಿದ ತಪ್ಪು ಮಾತನ್ನು ಹತ್ತು ಜನರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕೆಂಬುದು ನಮ್ಮ ಹಿರಿಯರ ಪದ್ಧತಿ. ಪತ್ರಿಕೆಯನ್ನು ಕೈಯಲ್ಲಿಟ್ಟುಕೊಂಡು ಇತರರ ತಪ್ಪುಗಳನ್ನು ದಿನವೂ ಎತ್ತಿ ಆಡುವ ನಾವು, ನಮ್ಮದೊಂದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದುದರಿಂದ ಬರೆಯುತ್ತಿದ್ದೇವೆ.

ತೀರ್ಥರೂಪರ ಗಾಡಿ

ಗಾಡಿ 1974ರಲ್ಲಿ ಮೊದಲು ನೋಂದಣಿಯಾದ ಪ್ರೀಮಿಯರ್ ಪದ್ಮಿನಿ. ಸೇಠ್ ವಾಲಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯು ಇಟಲಿಯ ಫಿಯೆಟ್ ಕಂಪನಿಯ ವಿನ್ಯಾಸವನ್ನು ಅನುಸರಿಸಿ ಕುರ್ಲಾದ ಕಾರಖಾನೆಯಲ್ಲಿ ಕಟ್ಟಿದ ಈ ಗಾಡಿಗೆ ಜನರ ಬಾಯಲ್ಲಿ ಕೊನೆಯವರೆಗೂ ಉಳಿದ ಹೆಸರು ಫಿಯೆಟ್ ಎಂದೇ. 1089 ಘನ ಸೆಂಟಿಮೀಟರಿನ ಸಣ್ಣ ಯಂತ್ರ, ಸ್ಟಿಯರಿಂಗಿನ ಪಕ್ಕದಲ್ಲಿಯೇ ಗೇರಿನ ಹಿಡಿ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿ ಎಂದೊಡನೆ ನಮ್ಮ ತಲೆಮಾರಿನವರ ಕಣ್ಣಿಗೆ ಕಟ್ಟುವ ರೂಪ ಇದರದೇ. ಆ ಟ್ಯಾಕ್ಸಿಗಳಲ್ಲಿ ಕೊನೆಯದು 2003ರ ಅಕ್ಟೋಬರ್ 29ರಂದು ತಾರದೇವದ ಆರ್.ಟಿ.ಒ. ಕಚೇರಿಯಲ್ಲಿ ನೋಂದಣಿಯಾದದ್ದು, ನಗರದ ಟ್ಯಾಕ್ಸಿಗಳಿಗೆ ಗೊತ್ತುಮಾಡಿದ 20 ವರ್ಷದ ಆಯುಸ್ಸು ತೀರಿ, 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ಈಗ ಉಳಿದಿರುವವು ನಮ್ಮಂಥ ಖಾಸಗಿಯವರ ಬಳಿ ಇರುವ ಕೆಲವು ಗಾಡಿಗಳು ಮಾತ್ರ.

ನಮ್ಮ ತೀರ್ಥರೂಪರು ಇದನ್ನು 1986ರಲ್ಲಿ ಒಬ್ಬ ಪಾರ್ಸಿ ಗೃಹಸ್ಥರಿಂದ ಕೊಂಡರು. ಅಂದಿನಿಂದ ಹೋಟೆಲಿನ ತೆಂಗಿನಕಾಯಿ, ತರಕಾರಿ, ಬೆಣ್ಣೆಯ ಡಬ್ಬಗಳೆಲ್ಲ ಇದರ ಹಿಂದಿನ ಸೀಟಿನಲ್ಲಿ ಸವಾರಿ ಮಾಡಿವೆ. ಮೈಸುಟ್ಟುಕೊಂಡ ಅಡಿಗೆಯವರನ್ನೂ ಜ್ವರ ಬಂದ ಮಾಣಿಗಳನ್ನೂ ಆಸ್ಪತ್ರೆಗೆ ಮುಟ್ಟಿಸಿದ್ದೂ ಇದೇ. 1993ರಲ್ಲಿ ನಮ್ಮ ಗಲ್ಲಿಯಿಂದ ಎರಡು ಗಾಡಿಗಳು ಒಂದೇ ವಾರದಲ್ಲಿ ಕಾಣೆಯಾದಾಗ ತೀರ್ಥರೂಪರು ಭಯಗೊಂಡು, ಸ್ಟಿಯರಿಂಗಿನ ಕೊಳವೆಗೆ ಒಂದು ಹೊಸ ಬೀಗ ಹಾಕಿಸಿದರು. ಒಂದೇ ಚಾವಿಯಿಂದ ಯಂತ್ರವನ್ನೂ ಚಾಲೂ ಮಾಡಬೇಕು, ಚಾವಿ ತೆಗೆದರೆ ಸ್ಟಿಯರಿಂಗೂ ಕಟ್ಟಿಬೀಳಬೇಕು, ಅಂಥ ಬೀಗ. ಅದರೊಡನೆ ಎರಡು ಚಾವಿಗಳು ಬಂದವು. ಒಂದನ್ನು ತೀರ್ಥರೂಪರು ಬಿಳಿಯ ನೂಲಿಗೆ ಕಟ್ಟಿ ಜೇಬಿನಲ್ಲಿ ಒಂಟಿಯಾಗಿ ಇಟ್ಟುಕೊಂಡರು. ಇನ್ನೊಂದನ್ನು ಊರಿಗೆ ಕಳಿಸಿ, ಜಮೀನಿನ ಕಾಗದಪತ್ರಗಳ ತಗಡಿನ ಪೆಟ್ಟಿಗೆಯಲ್ಲಿ ಇರಿಸಿದರು.

2009ರಲ್ಲಿ ಅವರು ತೀರಿಕೊಂಡ ಮೇಲೆ ಗಾಡಿ ನಮ್ಮ ಕೈಗೆ ಬಂತು. ಗಲ್ಲಾ, ಉಗ್ರಾಣ, ಷಟರು, ಕಪಾಟು, ಮೇಲಿನ ಮಾಳಿಗೆ, ಹೀಗೆ ಹೋಟೆಲಿನ ಚಾವಿಗಳೆಲ್ಲ ಇದ್ದ ಗೊಂಚಲಿಗೇ ನಾವು ಗಾಡಿಯ ಚಾವಿಯನ್ನೂ ಸೇರಿಸಿದೆವು. ಜೇಬಿನಲ್ಲಿ ಭಾರವಿದ್ದರೆ ಧಣಿತನವಿದ್ದಂತೆ ಎಂಬುದು ಆ ವಯಸ್ಸಿನ ಭ್ರಮೆ. ಮುಂದೆ ಹೋಟೆಲಿನ ವಹಿವಾಟನ್ನು ತಮ್ಮನಿಗೆ ಒಪ್ಪಿಸಿ ನಾವು ಪತ್ರಿಕೆಯ ಕೆಲಸಕ್ಕೆ ಬಂದೆವಾದರೂ ಗೊಂಚಲು ಹಾಗೆಯೇ ಉಳಿಯಿತು.

ಅವಸರದ ಗುರುವಾರ

2024ರ ಮಳೆಗಾಲದಲ್ಲಿ ಗಾಡಿಯ ನೋಂದಣಿಯ ಐದು ವರ್ಷದ ಅವಧಿ ಮುಗಿಯುತ್ತಿತ್ತು. ಐವತ್ತು ವರ್ಷ ಮೀರಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಣಿ ಮಾಡಿಸುವ ನಿಯಮವನ್ನು ಕೇಂದ್ರ ಸರಕಾರ 2021ರಲ್ಲಿ ತಂದಿದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, ಮುಂದೆ ನವೀಕರಿಸಲು 5,000 ರೂಪಾಯಿ ಶುಲ್ಕ. ಹತ್ತು ವರ್ಷದ ಅವಧಿ. ಆದರೆ ಅಂಥ ಗಾಡಿಯನ್ನು ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ನಮ್ಮ ಗಾಡಿ ಇನ್ನೂ ತೆಂಗಿನಕಾಯಿ ಹೊರುತ್ತಿರುವುದರಿಂದ ಸಾಮಾನ್ಯ ನವೀಕರಣವನ್ನೇ ಆರಿಸಿಕೊಂಡೆವು. ಸೋಮವಾರ ಬೆಳಿಗ್ಗೆ ಗಾಡಿಯನ್ನು ಪರೀಕ್ಷೆಗೆ ಒಯ್ಯಬೇಕಾಗಿತ್ತು.

ಅದಕ್ಕೆ ಮುಂಚಿನ ಗುರುವಾರ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಗಾಡಿಯೊಳಗೆ ಕುಳಿತು ಚಾವಿ ಹಾಕಿದೆವು. ಚಾವಿ ಒಳಗೆ ಹೋಯಿತು, ತಿರುಗಲಿಲ್ಲ. ಸ್ಟಿಯರಿಂಗನ್ನು ಅಲ್ಲಾಡಿಸಿದರೆ ಕಲ್ಲಿನಂತೆ ನಿಂತಿದೆ. ಹಿಂದೆಯೂ ಎರಡು ಮೂರು ಬಾರಿ ಹೀಗೆ ತಡೆದದ್ದುಂಟು. ಆಗೆಲ್ಲ ಅಡಿಗೆಮನೆಯಿಂದ ನಾಲ್ಕು ತೊಟ್ಟು ತೆಂಗಿನೆಣ್ಣೆ ತರಿಸಿ ಬಿಟ್ಟಿದ್ದೆವು, ಸರಿಹೋಗಿತ್ತು. ಈ ಸಲ ಎಣ್ಣೆಯೂ ಉಪಯೋಗಕ್ಕೆ ಬರಲಿಲ್ಲ. ಹೊತ್ತು ಏರುತ್ತಿತ್ತು, ಮುದ್ರಣಾಲಯದಿಂದ ಫೋನು ಬರುತ್ತಿತ್ತು. ನಾವು ಇಕ್ಕಳ ತರಿಸಿ ಚಾವಿಯ ತಲೆಯನ್ನು ಹಿಡಿದು ತಿರುವಿದೆವು. ಕಟ್ ಎಂದಿತು. ತಲೆ ಇಕ್ಕಳದಲ್ಲಿ, ಮೈ ಬೀಗದಲ್ಲಿ.

ಆ ಕ್ಷಣದಲ್ಲಿ ನಮ್ಮ ಕಣ್ಣಿಗೆ ಬಿದ್ದವನು ಬೈಂದೂರಿನ ಕಡೆಯ ಒಬ್ಬ ಹುಡುಗ. ಇಪ್ಪತ್ತು ವರ್ಷ, ಹೋಟೆಲಿಗೆ ಬಂದು ಎಂಟು ತಿಂಗಳು. ಹಿಂದಿನ ಸಾಯಂಕಾಲ ಗಾಡಿಯನ್ನು ಪೈಪಿನ ನೀರಿನಿಂದ ತೊಳೆದವನು ಅವನೇ. ಇಷ್ಟೇ ಸಾಕಾಯಿತು. ಬೀಗಕ್ಕೆ ನೀರು ಬಿಟ್ಟಿದ್ದೀಯೆ, ಯಾವುದೋ ಚಾವಿ ತುರುಕಿ ನೋಡಿದ್ದೀಯೆ, ಎಂದು ಭಟ್ಟರು, ಮಾಣಿಗಳು, ಹಾಲಿನವನು ಎಲ್ಲರೂ ಕೇಳುವಂತೆ ಕೂಗಾಡಿದೆವು.

“ಬಾಗಿಲು ಮುಚ್ಚಿಯೇ ತೊಳೆದದ್ದು ಧಣಿಗಳೇ. ಚಾವಿ ನಿಮ್ಮ ಹತ್ತಿರವೇ ಇತ್ತಲ್ಲ” ಎಂದನು ಅವನು.

ಮಾತು ಸರಿಯಾದದ್ದು; ಸರಿಯಾದದ್ದರಿಂದಲೇ ನಮಗೆ ಇನ್ನಷ್ಟು ಸಿಟ್ಟು ಬಂತು. ಮೇನೇಜರನ್ನು ಕರೆದು, ಇವನ ಸಂಬಳದಲ್ಲಿ ತಿಂಗಳಿಗೆ ಸಾವಿರದಂತೆ ಮೂರು ತಿಂಗಳು ಹಿಡಿಯಿರಿ ಎಂದೆವು. ಮೇನೇಜರು ಪುಸ್ತಕದಲ್ಲಿ ಹುಡುಗನ ಹೆಸರಿನ ಮುಂದೆ ಅದನ್ನು ಬರೆದುಕೊಂಡರು. ಆ ರಾತ್ರಿ ಹುಡುಗ ಪಂಕ್ತಿಗೆ ಊಟಕ್ಕೆ ಬರಲಿಲ್ಲವೆಂದು ಭಟ್ಟರು ಆಮೇಲೆ ಹೇಳಿದರು.

ಕುರ್ಲಾದ ಚಾವಿವಾಲಾ

ಒಂದು ಗ್ಯಾರೇಜಿನವರು ಬಂದು ನೋಡಿ, ಬೀಗವನ್ನು ಕೊರೆದು ಕಿತ್ತು ಹೊಸದು ಹಾಕಬೇಕು, ಒಂಬತ್ತು ಸಾವಿರವಾದೀತು, ಸೋಮವಾರದೊಳಗೆ ಆಗದು ಎಂದರು. ಕೊರೆಯುವುದೇಕೆಂದರೆ, ಇಂಥ ಬೀಗವನ್ನು ಕೊಳವೆಗೆ ಬಿಗಿದ ಬೋಲ್ಟುಗಳಿಗೆ ತಲೆಯೇ ಇರುವುದಿಲ್ಲ. ಕೂರಿಸುವಾಗ ಬಿಗಿಯುತ್ತ ಹೋದರೆ ಒಂದು ಹಂತದಲ್ಲಿ ತಲೆ ತಾನಾಗಿ ಮುರಿದು ಬೀಳುವಂತೆ ಅವುಗಳನ್ನು ಮಾಡಿರುತ್ತಾರೆ. ಕಳ್ಳನು ಪಾನೆ ಹಾಕಿ ಬಿಚ್ಚದಿರಲಿ ಎಂಬುದು ಉದ್ದೇಶ. ಆದರೆ ಒಡೆಯನಿಗೂ ಅಷ್ಟೇ ಕಷ್ಟ. ಬೋಲ್ಟಿನ ನಡುವೆ ರಂಧ್ರ ಕೊರೆದೋ, ಅಂಚಿಗೆ ಉಳಿ ಇಟ್ಟು ಮೆಲ್ಲಮೆಲ್ಲನೆ ಬಡಿದು ತಿರುಗಿಸಿಯೋ ತೆಗೆಯಬೇಕು.

ಕೊರೆಯುವ ಮೊದಲು ಚಾವಿವಾಲಾನಿಗೊಮ್ಮೆ ತೋರಿಸಿ ಎಂದವರು ನಮ್ಮ ಭಟ್ಟರು. ಕುರ್ಲಾದ ಹಳೆಯ ಬಿಡಿಭಾಗಗಳ ಪೇಟೆಯ ಬಳಿ ಕೂರುವ ಒಬ್ಬ ವೃದ್ಧ ಶುಕ್ರವಾರ ಬಂದನು. ಸಣ್ಣ ಮರದ ಪೆಟ್ಟಿಗೆ, ಮೂಗಿನ ಮೇಲೆ ದಪ್ಪ ಕನ್ನಡಕ. ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚಿಸಿದನು. ಬೀಗದ ಬೆನ್ನಿಗೆ ವಿದ್ಯುತ್ತಿನ ಸ್ವಿಚ್ಚು ಇರುವುದರಿಂದ ಇದನ್ನು ಮರೆಯಬಾರದೆಂದನು. ಆಮೇಲೆ ಬಡಗಿಯವರ ನೂಲಿನಂಥ ಗರಗಸದ ಒಂದು ತುಂಡನ್ನು ಚಾವಿಯ ಪಕ್ಕದಲ್ಲಿ ತೂರಿಸಿ, ಅದರ ಹಲ್ಲು ಚಾವಿಯ ಮೈಗೆ ಕಚ್ಚುವಂತೆ ಹೊರಳಿಸಿ, ನೇರವಾಗಿ ಹೊರಗೆಳೆದನು. ಮೂರನೆಯ ಪ್ರಯತ್ನಕ್ಕೆ ಮುರುಕು ಹೊರಬಂತು.

ಅದನ್ನು ಅಂಗೈಯಲ್ಲಿಟ್ಟು ನಮಗೆ ತೋರಿಸಿದನು. ಚಾವಿಯ ಹಲ್ಲುಗಳ ಮೂಲೆಗಳೆಲ್ಲ ಸವೆದು ಗುಡ್ಡದ ಇಳಿಜಾರಿನಂತೆ ನುಣುಪಾಗಿದ್ದವು. ಮೈಗೆ ಹತ್ತಿದ್ದ ಕಪ್ಪು ಮಡ್ಡಿಯನ್ನು ಬೆರಳಿನಲ್ಲಿ ತಿಕ್ಕಿ ಮೂಸಿದನು.

“ಸೇಠ್, ತೆಂಗಿನೆಣ್ಣೆ ಬಿಟ್ಟವರು ಯಾರು?”

ನಾವು ಸುಮ್ಮನಿದ್ದೆವು.

“ಈ ಚಾವಿ ಎಂಥ ಗೊಂಚಲಿನಲ್ಲಿತ್ತು?”

ಗೊಂಚಲನ್ನು ಕೊಟ್ಟೆವು. ಅದರಲ್ಲಿ ಹನ್ನೊಂದು ಚಾವಿಗಳು. ಕೈಯಲ್ಲಿ ತೂಗಿ ನಕ್ಕನು. ಉಗ್ರಾಣದ ತಕ್ಕಡಿಗೆ ಹಾಕಿಸಿ ನೋಡಿದಾಗ 310 ಗ್ರಾಂ ಇತ್ತು. ಹದಿನೈದು ವರ್ಷ, ಗಾಡಿ ಕುಲುಕಿದಾಗಲೆಲ್ಲ, ಇಷ್ಟು ಭಾರ ಆ ಸಣ್ಣ ಬೀಗದ ಬಾಯನ್ನು ಕೆಳಕ್ಕೆ ಜಗ್ಗಿದೆ ಎಂದನು. ಕೊನೆಗೆ ಗಾಡಿಯ ಮುಂದೆ ಬಗ್ಗಿ ಚಕ್ರವನ್ನು ನೋಡಿ, ಇದನ್ನು ಫುಟ್‌ಪಾತಿನ ಕಲ್ಲಿಗೆ ಒತ್ತಿ ನಿಲ್ಲಿಸಿದವರು ಯಾರೆಂದು ಕೇಳಿದನು. ಅದೂ ನಾವೇ. ನೀರಿನ ಮಾತನ್ನು ನಾವಾಗಿಯೇ ಎತ್ತಿದೆವು. ಬೀಗವಿರುವುದು ಗಾಡಿಯ ಒಳಗೆ, ಕೊಳವೆಯ ಅಡಿಯಲ್ಲಿ. ಒಳಗಿರುವ ಮಡ್ಡಿಯೋ ಎಣ್ಣೆಯದು. ನೀರಿನ ತುಕ್ಕಿನ ಗುರುತು ಒಂದೂ ಇಲ್ಲ, ಎಂದನು. ಹುಡುಗನು ಅಲ್ಲಿಯೇ ಬಾಗಿಲ ಬಳಿ ನಿಂತಿದ್ದನು. ನಾವು ಅವನ ಕಡೆಗೆ ನೋಡಲಿಲ್ಲ.

ಬೀಗದ ಹೊಟ್ಟೆಯೊಳಗೆ

ಬೀಗದ ರಚನೆಯನ್ನು ಆ ವೃದ್ಧನಿಂದ ನಾವು ತಿಳಿದುಕೊಂಡಂತೆ ಇಲ್ಲಿ ಹೇಳುತ್ತೇವೆ. ಹೊರಗೆ ಒಂದು ಲೋಹದ ಕವಚ. ಅದರೊಳಗೆ ತಿರುಗುವ ಒಂದು ಉರುಳೆ. ಉರುಳೆಯಲ್ಲಿ ಅಡ್ಡಲಾಗಿ ಹಿತ್ತಾಳೆಯ ತೆಳ್ಳನೆಯ ಬಿಲ್ಲೆಗಳು, ನಮ್ಮದರಲ್ಲಿ ಆರು. ಪ್ರತಿಯೊಂದಕ್ಕೂ ಕೂದಲಿನಂಥ ಒಂದು ಸ್ಪ್ರಿಂಗು. ಚಾವಿ ಇಲ್ಲದಾಗ ಬಿಲ್ಲೆಗಳ ಅಂಚು ಉರುಳೆಯಿಂದ ಹೊರಚಾಚಿ ಕವಚದ ಕಚ್ಚಿನಲ್ಲಿ ಕೂತಿರುತ್ತದೆ, ಉರುಳೆ ತಿರುಗದು. ಸರಿಯಾದ ಚಾವಿ ಒಳಹೊಕ್ಕರೆ ಪ್ರತಿ ಬಿಲ್ಲೆಯೂ ಉರುಳೆಯ ಮೈಗೆ ಸರಿಸಮವಾಗಿ ನಿಲ್ಲುತ್ತದೆ. ಆಗ ಉರುಳೆ ತಿರುಗುತ್ತದೆ. ಆರರಲ್ಲಿ ಒಂದು ಬಿಲ್ಲೆ ಕೂದಲೆಳೆಯಷ್ಟು ಹೊರಗೆ ಉಳಿದರೂ ಆನೆ ಎಳೆದರೆ ಚಾವಿ ಮುರಿದೀತೇ ಹೊರತು ಬೀಗ ತಿರುಗದು.

ಉರುಳೆಯ ಹಿಂದೆ ಎರಡು ಕೆಲಸಗಳಿವೆ. ಒಂದು, ಯಂತ್ರಕ್ಕೆ ವಿದ್ಯುತ್ತು ಕೊಡುವ ಸ್ವಿಚ್ಚು. ಇನ್ನೊಂದು, ಬೆರಳು ಗಾತ್ರದ ಉಕ್ಕಿನ ಅಗುಳಿ. ಚಾವಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆದೊಡನೆ ಸ್ಪ್ರಿಂಗಿನ ಬಲದಿಂದ ಈ ಅಗುಳಿ ಮುನ್ನುಗ್ಗಿ ಸ್ಟಿಯರಿಂಗಿನ ದಂಡದಲ್ಲಿರುವ ಕಚ್ಚಿಗೆ ಬೀಳುತ್ತದೆ. ನಮ್ಮ ಊರ ಮನೆಯ ಹೆಬ್ಬಾಗಿಲಿನ ಅಗುಳಿಯೂ ಇದೂ ಒಂದೇ ತತ್ತ್ವ. ಹೆಬ್ಬಾಗಿಲಿಗೆ ಯಾರಾದರೂ ಹೊರಗಿನಿಂದ ಒರಗಿ ನಿಂತಿದ್ದರೆ ಒಳಗೆ ಅಗುಳಿ ಜಾರುವುದಿಲ್ಲ ತಾನೇ? ಹಾಗೆಯೇ ಚಕ್ರವು ಕಲ್ಲಿಗೆ ಒತ್ತಿ ತಿರುಚಿಕೊಂಡಿದ್ದರೆ, ಆ ತಿರುಚಿನ ಬಲವೆಲ್ಲ ದಂಡದ ಮೂಲಕ ಬಂದು ಅಗುಳಿಯ ಪಕ್ಕೆಗೆ ಒತ್ತಿ ಹಿಡಿಯುತ್ತದೆ. ಆಗ ಹೊಸ ಚಾವಿಯಾದರೂ ತಿರುಗಲಾರದು.

ಈ ಅಗುಳಿಯನ್ನು ಕಳ್ಳರಿಗಾಗಿ ಮಾಡಿದ್ದು. 1960ರ ದಶಕದ ಆರಂಭದಲ್ಲಿ ಪಶ್ಚಿಮ ಜರ್ಮನಿಯು ಹಳೆಯ ಹೊಸ ಗಾಡಿಗಳೆಲ್ಲಕ್ಕೂ ಇದನ್ನು ಕಡ್ಡಾಯ ಮಾಡಿತು; ಅಲ್ಲಿ ಗಾಡಿಗಳ ಕಳವು ಎದ್ದುಕಾಣುವಂತೆ ಇಳಿಯಿತು. ಅಮೆರಿಕದ ಸುರಕ್ಷತಾ ನಿಯಮ 1970ರಿಂದ ಇಂಥ ಬೀಗವನ್ನು ಹೊಸ ಗಾಡಿಗಳಿಗೆ ತಂದಿತು. ಇಂಗ್ಲೆಂಡಿನಲ್ಲಿ 1971ರಿಂದ ಹೊಸ ಗಾಡಿಗಳಿಗೆ ಮಾತ್ರ ಹಾಕಿದ್ದರಿಂದ ಕಳ್ಳರು ಬೀಗವಿಲ್ಲದ ಹಳೆಯ ಗಾಡಿಗಳ ಕಡೆಗೆ ತಿರುಗಿದರೆಂದು ಅಲ್ಲಿನ ಅಧ್ಯಯನಕಾರರು ತೋರಿಸಿಕೊಟ್ಟರು. ನಮ್ಮ ತೀರ್ಥರೂಪರು ಅಧ್ಯಯನವನ್ನು ಓದಿದವರಲ್ಲ; ಹಳೆಯ ಗಾಡಿಯ ಮಾಲಕನ ಭಯವೇ ಅವರಿಗೆ ಅದನ್ನು ಕಲಿಸಿತ್ತು.

ಊರಿನಿಂದ ಬಂದ ಚಾವಿ

ಸವೆದ ಚಾವಿಯ ನಕಲು ತೆಗೆದರೆ ಸವಕಳಿಯ ನಕಲೂ ಬರುತ್ತದೆ, ಬಳಕೆಯಾಗದ ಚಾವಿ ಬೇಕು, ಎಂದನು ಚಾವಿವಾಲಾ. ಮಾತೋಶ್ರೀಯವರಿಗೆ ಫೋನು ಮಾಡಿದೆವು. ತಗಡಿನ ಪೆಟ್ಟಿಗೆಯನ್ನು ಹುಡುಕಿ, ಕಾಗದಪತ್ರಗಳ ಅಡಿಯಿಂದ ಆ ಇನ್ನೊಂದು ಚಾವಿಯನ್ನು ತೆಗೆದು, ಮುಂಬಯಿಗೆ ಹೊರಟ ಬಸ್ಸಿನ ಚಾಲಕನ ಕೈಯಲ್ಲಿ ಕೊಟ್ಟು ಕಳಿಸಿದರು. ಶನಿವಾರ ಬೆಳಿಗ್ಗೆ ಅದು ನಮ್ಮ ಕೈ ಸೇರಿತು. ತೀರ್ಥರೂಪರು ಕಟ್ಟಿದ ನೂಲು ಅದಕ್ಕೂ ಇತ್ತು. ಚಾವಿಯ ತಲೆಯಲ್ಲಿ ಬೀಗದ ಸಂಖ್ಯೆ ಅಚ್ಚಳಿಯದೆ ಉಳಿದಿತ್ತು.

ಚಾವಿವಾಲಾ ಬೀಗದ ಬಾಯಿಗೆ ತೆಳುವಾದ ಸ್ಪ್ರೇ ಎಣ್ಣೆ ಹೊಡೆದು, ಕರಗಿ ಬಂದ ಮಡ್ಡಿಯನ್ನು ಒರೆಸಿ, ಮತ್ತೆ ಹೊಡೆದು, ನಾಲ್ಕೈದು ಬಾರಿ ತೊಳೆದನು. ಜ್ಯಾಕಿನಿಂದ ಗಾಡಿಯ ಮುಂಭಾಗವನ್ನು ಎತ್ತಿಸಿ ಚಕ್ರವನ್ನು ಕಲ್ಲಿನ ಒತ್ತಡದಿಂದ ಬಿಡಿಸಿದನು. ಚಾವಿ ಹಾಕಿ ತಾನು ಎರಡು ಬೆರಳಿನಲ್ಲಿ ಮೃದುವಾಗಿ ಹಿಡಿದುಕೊಂಡು, ಸ್ಟಿಯರಿಂಗನ್ನು ಯಾರಾದರೂ ಅತ್ತಿತ್ತ ಮೆಲ್ಲಗೆ ಆಡಿಸಿ ಎಂದನು. ನಾವು ಕುಳಿತು ಆಡಿಸಿದೆವು. “ಸೇಠ್, ಇದು ಗೋಣಿಚೀಲವಲ್ಲ” ಎಂದು ನಮ್ಮನ್ನು ಇಳಿಸಿ, ಬಾಗಿಲ ಬಳಿಯ ಹುಡುಗನನ್ನು ಕರೆದನು.

ಹುಡುಗ ಕೈ ಒರೆಸಿಕೊಂಡು ಕುಳಿತನು. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ದೋಸೆಯ ಕಾವಲಿಯ ಮೇಲೆ ಹಿಟ್ಟು ಸವರುವ ಹದದಲ್ಲಿ ಆಡಿಸಿದನು. ಎಡಕ್ಕೂ ಬಲಕ್ಕೂ ನಡುವೆ ಒಂದು ಕಡೆ ಭಾರವೇ ಇಲ್ಲದಂತಾಗುತ್ತದೆ ಎಂದನು. ಅಲ್ಲಿಯೇ ನಿಲ್ಲಿಸು, ಎಂದನು ಚಾವಿವಾಲಾ. ಟಿಕ್ ಎಂದು ಸದ್ದಾಗಿ ಚಾವಿ ತಿರುಗಿತು. ಮೂರು ದಿನದ ಗಲಾಟೆ ಮುಗಿಯಲು ಬೇಕಾದ ಬಲ ಅಡಿಕೆ ಎತ್ತುವಷ್ಟು.

ಅಲ್ಲಿಂದ ಮುಂದಿನದು ಸುಲಭವಾಯಿತು. ಚಾವಿ ಒಂದು ಮನೆ ತಿರುಗಿದ ಸ್ಥಿತಿಯಲ್ಲಿ, ಪಕ್ಕದ ಸಣ್ಣ ರಂಧ್ರಕ್ಕೆ ತಂತಿಯನ್ನು ಒತ್ತಿದರೆ ಉರುಳೆ ಇಡಿಯಾಗಿ ಹೊರಬರುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ಬರುವುದಿಲ್ಲ. ಬಿಲ್ಲೆಗಳನ್ನೂ ಸ್ಪ್ರಿಂಗುಗಳನ್ನೂ ಒಂದೊಂದಾಗಿ ತೆಗೆದು, ಕ್ರಮ ತಪ್ಪದಂತೆ ಒಂದು ಇಡ್ಲಿ ತಟ್ಟೆಯ ಕುಳಿಗಳಲ್ಲಿ ಇರಿಸಿದನು. ಒಂದು ಸ್ಪ್ರಿಂಗು ತುಂಡಾಗಿತ್ತು. ಎರಡು ಬಿಲ್ಲೆಗಳು ಸವೆದಿದ್ದವು. ಇವುಗಳನ್ನು ಕುರ್ಲಾದಿಂದ ತಂದ ಹಳೆಯ ಬೀಗವೊಂದರಿಂದ ಬದಲಾಯಿಸಿದನು. ಬಿಲ್ಲೆಗಳನ್ನು ಅರದಿಂದ ತುಸು ಉಜ್ಜಿದರೆ ಬೇಗ ಆಗುವುದಿಲ್ಲವೇ ಎಂದು ಕೇಳಿದೆವು. ಹಾಗೆ ಉಜ್ಜಿದ ಬೀಗ ಯಾವ ಚಾವಿಗಾದರೂ ತೆರೆದುಕೊಳ್ಳುತ್ತದೆ, ಗಾಡಿ ಓಡುತ್ತಿರುವಾಗಲೇ ಚಾವಿ ಜಾರಿ ಬೀಳಲೂಬಹುದು, ನನ್ನ ಕೈಯಿಂದ ಆ ಕೆಲಸ ಆಗದು, ಎಂದನು.

ಭಾಗಗಳೆಲ್ಲ ಒಣಗಿದ ಮೇಲೆ ಗ್ರಾಫೈಟ್ ಪುಡಿಯನ್ನು ಚಿಟಿಕೆಯಷ್ಟು ಹಾಕಿ ಜೋಡಿಸಿದನು. ಪೆನ್ಸಿಲಿನ ಒಳಗಿರುವ ಕಪ್ಪು ಪದಾರ್ಥವೇ ಇದು. ಜಾರಿಸುತ್ತದೆ, ಧೂಳನ್ನು ಹಿಡಿಯುವುದಿಲ್ಲ. ಎಣ್ಣೆಯ ಮೇಲೆ ಇದನ್ನು ಹಾಕಿದರೆ ಮಾತ್ರ ಮತ್ತೆ ಮಡ್ಡಿಯೇ ಆಗುತ್ತದೆ. ಊರಿನ ಚಾವಿಯಿಂದ ಹೊಸ ಚಾವಿಯೊಂದನ್ನು ಕಡೆದು, ಊರಿನದನ್ನು ನಮಗೆ ಹಿಂದಕ್ಕೆ ಕೊಟ್ಟನು. ಕೊನೆಗೆ ಚಕ್ರವನ್ನು ಎಡದ ಕೊನೆಯಿಂದ ಬಲದ ಕೊನೆಗೆ ಇಪ್ಪತ್ತು ಬಾರಿ ಹೊರಳಿಸಿ, ಚಾವಿ ಚಾಲೂ ಇರುವಾಗ ಅಗುಳಿ ಎಲ್ಲಿಯೂ ತಗಲುವುದಿಲ್ಲವೆಂದು ಖಾತ್ರಿ ಮಾಡಿಕೊಂಡನು. ಬಿಡಿಭಾಗಗಳು ಸೇರಿ 1,800 ರೂಪಾಯಿ. ಸೋಮವಾರ ಗಾಡಿ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಆ ಕೊನೆಯ ಪರೀಕ್ಷೆಯನ್ನು ಚಾವಿವಾಲಾ ಇಪ್ಪತ್ತು ಬಾರಿ ಏಕೆ ಮಾಡಿದನೆಂಬುದನ್ನು ಚಾಲಕವೃತ್ತಿಯ ನಮ್ಮ ಬಾಂಧವರು ಗಮನಿಸಬೇಕು. ನಿಂತ ಗಾಡಿಯಲ್ಲಿ ಈ ಅಗುಳಿ ಕಾವಲುಗಾರ. ಓಡುವ ಗಾಡಿಯಲ್ಲಿ ಅದೇ ಯಮ. ಘಟ್ಟ ಇಳಿಯುವಾಗ ಪೆಟ್ರೋಲು ಉಳಿಸಲೆಂದು ಯಂತ್ರವನ್ನು ನಿಲ್ಲಿಸಿ ಗಾಡಿಯನ್ನು ಉರುಳಿಸುವ ಅಭ್ಯಾಸ ಕೆಲವರಿಗಿದೆ. ಹಾಗೆ ಮಾಡುವಾಗ ಚಾವಿ ಪೂರ್ತಿ ಹಿಂದಕ್ಕೆ ತಿರುಗಿ ಕೈಗೆ ಬಂದರೆ, ಮುಂದಿನ ತಿರುವಿನಲ್ಲಿ ಸ್ಟಿಯರಿಂಗು ಹೊರಳುವುದಿಲ್ಲ. ಖಂಡಾಲದ ಘಟ್ಟವಾಗಲಿ ಚಾರ್ಮಾಡಿಯಾಗಲಿ, ಎರಡನೆಯ ಅವಕಾಶ ಕೊಡುವ ಸ್ಥಳಗಳಲ್ಲ. ಕೆಟ್ಟ ಗಾಡಿಯನ್ನು ಹಗ್ಗ ಕಟ್ಟಿ ಎಳೆಸುವಾಗಲೂ ಚಾವಿಯನ್ನು ಬೀಗದಲ್ಲಿಯೇ ತೆರೆದ ಸ್ಥಿತಿಯಲ್ಲಿ ಇಡತಕ್ಕದ್ದು.

ಚಾವಿಗೊಂಚಲಿನ ಭಾರವೂ ನಗೆಯ ವಿಷಯವಲ್ಲ. 2014ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯು ಸುಮಾರು 26 ಲಕ್ಷ ಗಾಡಿಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಬೇಕಾಯಿತು. ಅವುಗಳ ಸ್ವಿಚ್ಚಿನ ಹಿಡಿತ ಸಡಿಲವಾಗಿದ್ದು, ಚಾವಿಗೆ ಭಾರ ಬಿದ್ದರೆ ಅಥವಾ ಗಾಡಿ ಕುಲುಕಿದರೆ ಓಡುತ್ತಿರುವಾಗಲೇ ಚಾವಿ ಸರಿದು ಯಂತ್ರ ನಿಲ್ಲುತ್ತಿತ್ತು. ಅಪಘಾತದಲ್ಲಿ ಕಾಪಾಡಬೇಕಾದ ಗಾಳಿಚೀಲಗಳೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಪರಿಹಾರನಿಧಿಯು 124 ಮರಣಗಳಿಗೆ ಪರಿಹಾರವನ್ನು ಒಪ್ಪಿತು. ದುರಸ್ತಿಯಾಗುವವರೆಗೆ ಗೊಂಚಲಿನಿಂದ ಬಿಡಿಸಿ ಒಂಟಿ ಚಾವಿಯನ್ನೇ ಬಳಸಿರೆಂದು ಕಂಪನಿ ಗಾಡಿಗಳ ಮಾಲಕರಿಗೆ ತಿಳಿಸಿತ್ತು. ನಮ್ಮ ತೀರ್ಥರೂಪರ ನೂಲಿನ ಬುದ್ಧಿಯೂ ಅದೇ.

ಆದುದರಿಂದ ಬೀಗ ಯಾವುದೇ ಇರಲಿ, ನಮ್ಮ ವಾಚಕರಲ್ಲಿ ಅರಿಕೆ ಇಷ್ಟು. ಚಾವಿ ತಿರುಗದಿದ್ದರೆ ಬಲ ಹಾಕಬೇಡಿರಿ. ಬಾಗಿಲನ್ನೋ ಹ್ಯಾಂಡಲನ್ನೋ ಸ್ಟಿಯರಿಂಗನ್ನೋ ಮೆಲ್ಲಗೆ ಅತ್ತಿತ್ತ ಆಡಿಸಿ ಅಗುಳಿಯ ಮೇಲಿನ ಭಾರವನ್ನು ಇಳಿಸಿರಿ. ಇಕ್ಕಳವನ್ನು ದೂರವಿಡಿರಿ. ಅಡಿಗೆಯ ಎಣ್ಣೆ ಅಡಿಗೆಗೇ ಇರಲಿ. ಎರಡನೆಯ ಚಾವಿಯನ್ನು ಜೋಪಾನವಾಗಿಟ್ಟು, ನಕಲು ಬೇಕಾದಾಗ ಅದರಿಂದಲೇ ತೆಗೆಸಿರಿ. ಚಾವಿ ಹೋಗುವಾಗ ಬರುವಾಗ ತಡವರಿಸಲಾರಂಭಿಸಿದರೆ ಅದು ಬೀಗದ ಮೊದಲನೆಯ ನೋಟೀಸು; ಎರಡನೆಯದು ಅವಸರದ ದಿನವೇ ಬರುತ್ತದೆ.

ಪುಸ್ತಕದ ಗೆರೆ

ಶನಿವಾರ ಸಂಜೆ ಚಾವಿವಾಲಾ ಹೋದ ಮೇಲೆ ನಾವು ಬಹಳ ಹೊತ್ತು ಗಲ್ಲಾದ ಬಳಿ ಕುಳಿತಿದ್ದೆವು. ಎಣ್ಣೆ ನಮ್ಮದು, ಗೊಂಚಲು ನಮ್ಮದು, ಕಲ್ಲಿಗೆ ಒತ್ತಿ ನಿಲ್ಲಿಸಿದ್ದು ನಾವು, ಇಕ್ಕಳ ಹಿಡಿದದ್ದೂ ನಾವು. ದಂಡ ಮಾತ್ರ ಹುಡುಗನ ಹೆಸರಿನಲ್ಲಿ ಬರೆಯಲ್ಪಟ್ಟಿತ್ತು.

ಇಲ್ಲಿ ಕಾಯಿದೆಯ ಮಾತೂ ಒಂದಿದೆ. ಹೋಟೆಲು ನೌಕರರೂ ಗುಮಾಸ್ತರೂ ಇದನ್ನು ತಿಳಿದಿರಬೇಕು. ನೌಕರನ ಅಲಕ್ಷ್ಯದಿಂದ ನಷ್ಟವಾಯಿತೆಂದು ಸಂಬಳ ಹಿಡಿಯುವ ಮೊದಲು ಅವನ ಸಮಜಾಯಿಷಿಯನ್ನು ಕೇಳಲೇಬೇಕು. ಆದ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. 1936ರ ವೇತನ ಪಾವತಿ ಕಾಯಿದೆಯಲ್ಲಿ ಇದ್ದ ಈ ನಿಯಮವೇ 2019ರ ವೇತನ ಸಂಹಿತೆಯಲ್ಲಿಯೂ ಮುಂದುವರಿದಿದೆ. ನಾವು ಕೇಳಲಿಲ್ಲ. ಅವನಾಗಿ ಹೇಳಿದ್ದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಟು ತಿಂಗಳ ಕೆಳಗೆ ಊರು ಬಿಟ್ಟು ಬಂದವನಿಗೆ ಕಾಯಿದೆಯ ಹೆಸರು ಗೊತ್ತಿರಲಿಲ್ಲ. ಗೊತ್ತಿರಬೇಕಾದ ನಮಗೆ ನೆನಪಿರಲಿಲ್ಲ.

ರಾತ್ರಿ ಕಡೆಯ ಪಂಕ್ತಿಗೆ ಎಲ್ಲರೂ ಕುಳಿತಾಗ ನಾವು ಅಡಿಗೆಮನೆಗೆ ಹೋಗಿ, ಗುರುವಾರ ಆಡಿದ್ದು ತಪ್ಪು, ಬೀಗ ಕೆಟ್ಟದ್ದು ನಮ್ಮಿಂದ, ಇವನಿಂದಲ್ಲ, ಎಂದು ಹೇಳಿದೆವು. ಯಾರೂ ಮಾತಾಡಲಿಲ್ಲ. ಭಟ್ಟರು ಸಾರಿನ ಸೌಟನ್ನು ಹಿಡಿದುಕೊಂಡೇ ನಿಂತಿದ್ದರು. ಹುಡುಗನು ಎಲೆಯ ಮುಂದಿನಿಂದ ಅರ್ಧ ಎದ್ದು ಕೇಳಿದನು:

“ಪುಸ್ತಕದಲ್ಲಿ ಬರೆದದ್ದನ್ನು ಹೊಡೆದು ಹಾಕಿದಿರಾ ಧಣಿಗಳೇ? ಆ ಸಾವಿರ ನಾನು ಮನೆಗೆ ಕಳಿಸುವುದು.”

ಕ್ಷಮೆಯ ಮಾತಿಗಿಂತ ಅವನಿಗೆ ಬೇಕಾಗಿದ್ದದ್ದು ಆ ಗೆರೆ. ಮೇನೇಜರು ಪುಸ್ತಕ ತಂದರು. ನಾವೇ ಲೇಖನಿ ತೆಗೆದುಕೊಂಡು ಆ ಸಾಲನ್ನು ಹೊಡೆದು, ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಿದೆವು. ಅವನು ಬಗ್ಗಿ ನೋಡಿ, ಓದಿಕೊಂಡು, ಮತ್ತೆ ಎಲೆಯ ಮುಂದೆ ಕುಳಿತನು. ಭಟ್ಟರು ಬಡಿಸಿದರು.

ಹೋಟೆಲಿನ ಹತ್ತು ಚಾವಿಗಳ ಗೊಂಚಲನ್ನು ಮಾರನೆಯ ದಿನವೇ ತಮ್ಮನಿಗೆ ಒಪ್ಪಿಸಿದೆವು. ಗಾಡಿಯ ಹೊಸ ಚಾವಿ ಈಗ ಬಿಳಿಯ ನೂಲಿನಲ್ಲಿ ಒಂಟಿಯಾಗಿ ನಮ್ಮ ಜೇಬಿನಲ್ಲಿದೆ. ಊರಿನದು ಮತ್ತೆ ತಗಡಿನ ಪೆಟ್ಟಿಗೆ ಸೇರಿದೆ.